ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಪಾಲಿನ ಆರೈಕೆ



ಗಾಯಗೊಂಡವನನ್ನು ಛತ್ರಕ್ಕೆ ಸೇರಿಸಿದ ಸಮಾರಿಯದವನು ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ಮರಳಿ ಬರುವುದಾಗಿಯೂ ಹೇಳಿ ಹೋದನು (ಲೂಕ 10:35). ಮಾನಸಿಕ ಕಾಯಿಲೆಯೊಂದಿಗೆ ಕುಡಿತವೂ ಅಂಟಿಕೊಂಡು, ಚಿಕಿತ್ಸೆ ಪಡೆದು ಬಂದವರ ಮನೆಗೆ ನಾವು ಹೋಗುತ್ತೇವೆಯೇ? ಡಿಸ್ಚಾರ್ಜ್ ಆದರೆ ಗುಣವಾಯಿತೆಂದುಕೊಳ್ಳುತ್ತೇವೆ. ಆದರೆ ಆತ್ಮಹತ್ಯೆಯ ಅಪಾಯ ಹೆಚ್ಚಿರುವುದು ಆ ಮೊದಲ ವಾರಗಳಲ್ಲೇ. ಕುಡಿತ ಅದನ್ನು ಇನ್ನೂ ಹೆಚ್ಚಿಸುತ್ತದೆ.

ನಾವು ಮಾಡಬೇಕಾದುದು:

1. ಮೊದಲ ವಾರದಲ್ಲೇ ಭೇಟಿ ಮಾಡೋಣ. ಉಪದೇಶಕ್ಕಲ್ಲ, ಜೊತೆಗೆ ಕೂರಲು.

2. ಮದ್ಯ, ಕೀಟನಾಶಕ ಮನೆಯಲ್ಲಿ ಬೇಡ. ಮಾತ್ರೆಗಳು ಮನೆಯವರ ಕೈಯಲ್ಲಿರಲಿ. ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

3. ಡಾಕ್ಟರು ಮಲಯಾಳದಲ್ಲಿ ಹೇಳಿದ್ದು ಮನೆಯ ಹಿರಿಯರಿಗೆ ಅರ್ಥವಾಗದಿರಬಹುದು. ಮುಂದಿನ ಭೇಟಿಗೆ ಭಾಷೆ ಬಲ್ಲವರೊಬ್ಬರು ಜೊತೆಗೆ ಹೋಗಲಿ.

4. "ಸಾಯಬೇಕೆನಿಸುತ್ತದೆಯಾ?" ಎಂದು ನೇರವಾಗಿ ಕೇಳೋಣ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯೋಣ.

5. ಮತ್ತೆ ಕುಡಿದರೆ ಬೈದು ದೂರ ಮಾಡದೆ, ಬೇಗ ಡಾಕ್ಟರಿಗೆ ತಿಳಿಸೋಣ.

ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ತೀವ್ರ ಮಾನಸಿಕ ತೊಂದರೆ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲದೆಂದು ನಮ್ಮ ಧರ್ಮಸಭೆಯೇ ಕಲಿಸುತ್ತದೆ. ತೀರ್ಪು ದೇವರದು, ಆರೈಕೆ ನಮ್ಮದು. ಈ ಭಾನುವಾರ ಪೂಜೆ ಮುಗಿಸಿ, ಅಂಥ ಒಂದು ಮನೆಯ ಬಾಗಿಲು ತಟ್ಟೋಣ.