ಹಿತ್ತಿಲ ಬಾಟಲಿಯ ಜಾತಕ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಕಾಫಿ ತೋಟ ಇದೆ. ನಮ್ಮ ತಾತ ಇಂಗ್ಲಿಷ್ ಪ್ಲಾಂಟರ್ ಒಬ್ಬರಿಂದ ಕೊಂಡದ್ದು. ಹಳೇ ಬಂಗಲೆ ಇನ್ನೂ ಗಟ್ಟಿಮುಟ್ಟಾಗಿದೆ. ಕಳೆದ ಮಳೆಗಾಲದಲ್ಲಿ ಹಿಂದಿನ ಇಳಿಜಾರಿನ ಮಣ್ಣು ಜರಿದು, ಕಡುಹಸಿರಿನ ಚೌಕ ಬಾಟಲಿಯೊಂದೂ ಕಂದು ಬಣ್ಣದ ಪಿಂಗಾಣಿ ಶೀಸೆಯೊಂದೂ ಹೊರಬಿದ್ದವು. ಇನ್ನೂ ಇರಬಹುದೇ? ಎಲ್ಲಿ ಹುಡುಕಲಿ?
—ಬೆಳೆಗಾರರು, ಸಕಲೇಶಪುರ

ಉತ್ತರ: ಎರಡು ತಾವಾಗಿಯೇ ಬಂದಿವೆ ಅಂದರೆ ಇನ್ನೂ ಇದ್ದಾವು. ಚೌಕದ್ದು ಹೆಚ್ಚಾಗಿ ಜಿನ್ ಬಾಟಲಿ. ಡಚ್ಚರು ಜಿನ್ನನ್ನು ಮರದ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಿ ಹಡಗು ಹತ್ತಿಸುತ್ತಿದ್ದರು. ದುಂಡನೆಯದಾದರೆ ನಡುನಡುವೆ ಜಾಗ ದಂಡ, ಅದಕ್ಕೇ ಚೌಕ. ಪಿಂಗಾಣಿಯದು ಜಿಂಜರ್ ಬಿಯರಿನದೋ ಶಾಯಿಯದೋ ಇರಬೇಕು. ಬುಡದ ಹತ್ತಿರ ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, ಒತ್ತಿದ ಮುದ್ರೆ ಇದ್ದೀತು. ಡರ್ಬಿ ಬಳಿಯ ಡೆನ್‌ಬಿ ಕುಂಬಾರಿಕೆಯ ಬೋರ್ನ್ ಹೆಸರು ಕಂಡರೆ ಇಂಗ್ಲೆಂಡಿನಿಂದಲೇ ಬಂದದ್ದು.

ಬಂಗಲೆಯ ಮುಂದಿನ ಹುಲ್ಲುಹಾಸಿಗೆ ಕೈ ಹಾಕಬೇಡಿ, ಅಲ್ಲಿ ಏನೂ ಸಿಗದು. ಆ ಕಾಲದ ಬಂಗಲೆಗಳಲ್ಲಿ ಅಡುಗೆಮನೆ ಹಿಂದೆ, ಬೇರೆಯಾಗಿ ಇರುತ್ತಿತ್ತು. ಅದರ ಹಿಂಬಾಗಿಲಲ್ಲಿ ನಿಂತು, ಬಟ್ಲರನೊಬ್ಬ ಬೇಸರದಿಂದ ಬೀಸಿ ಎಸೆದರೆ ಎಲ್ಲಿ ಬೀಳುತ್ತದೋ ಅಲ್ಲಿಂದ ಶುರು ಮಾಡಿ. ಆಮೇಲೆ ತೋಟದ ಹಳೇ ಅಗಳು, ಕುದುರೆ ಲಾಯದ ಹಿಂಬದಿ. ಜೂನಿನ ಮೊದಲ ಜೋರು ಮಳೆ ಕಳೆದ ಮೇಲೆ ಸುಮ್ಮನೆ ನಡೆದು ನೋಡುವುದೇ ಅರ್ಧ ಕೆಲಸ. ಇಂಬಳಗಳ ಕಾಟ ನಿಮಗೆ ಹೇಳಿಕೊಡಬೇಕಾಗಿಲ್ಲ. ಪಿಕಾಸಿ ಬೇಡ, ಕೈಗುದ್ದಲಿ ಸಾಕು. ದಪ್ಪ ಕೈಗವಸು ಬೇಕೇ ಬೇಕು, ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ಕಾಲವಾಯಿತೆಂದು ಒಮ್ಮೆ ನೆನಪು ಮಾಡಿಕೊಳ್ಳಿ. ಹಾಳುಬಾವಿಗೆ ಮಾತ್ರ ಎಂಥ ಆಸೆಗೂ ಇಳಿಯಬೇಡಿ. ಒಳಗಿನ ಗಾಳಿ ಕೆಟ್ಟಿರುತ್ತದೆ.

ಇನ್ನೊಂದು ಮಾತು, ಇದನ್ನು ಹೇಳಿದರೆ ಹೊಸಬರು ಮುಖ ಸಿಂಡರಿಸುತ್ತಾರೆ. ತೆಗೆಯುವ ಮೊದಲು ಬಾಟಲಿ ಬಿದ್ದಲ್ಲೇ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಎಷ್ಟು ಆಳ, ಜೊತೆಯಲ್ಲಿ ಏನಿತ್ತು (ತಟ್ಟೆ ಚೂರೋ, ಇದ್ದಿಲೋ, ಮೂಳೆಯೋ) ಬರೆದಿಡಿ. ಜಿನ್ ಬಾಟಲಿ ಲೋಕದಲ್ಲಿ ಬೇಕಾದಷ್ಟಿವೆ. ನಿಮ್ಮ ಬಂಗಲೆಯ ಅಡುಗೆಮನೆ ಹಿಂದೆ ಔಷಧಿ ಶೀಸೆಗಳ ನಡುವೆ ಸಿಕ್ಕ ಜಿನ್ ಬಾಟಲಿ ಒಂದೇ.

ಪ್ರಶ್ನೆ: ನಮ್ಮದು ನೂರು ವರ್ಷ ದಾಟಿದ ತೊಟ್ಟಿಮನೆ. ಹಿತ್ತಿಲಿನ ತಿಪ್ಪೆಗುಂಡಿ ಇದ್ದ ಜಾಗವನ್ನು ಮೊಣಕಾಲುದ್ದ ಅಗೆಸಿದೆ. ಮಡಕೆ ಚೂರು ಬಿಟ್ಟರೆ ಏನೂ ಇಲ್ಲ. ವಿದೇಶದವರ ವಿಡಿಯೊಗಳಲ್ಲಿ ಹಳೇ ಪಾಯಿಖಾನೆ ಗುಂಡಿಯಿಂದ ರಾಶಿ ರಾಶಿ ತೆಗೆಯುತ್ತಾರಲ್ಲ?
—ಗೃಹಿಣಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ನಿಮ್ಮ ಮನೆಯಲ್ಲಿ ಯಾರಾದರೂ ಬಾಟಲಿ ಎಸೆದದ್ದುಂಟೇ? ಅಮೆರಿಕದಲ್ಲಿ ಪಾಯಿಖಾನೆ ಗುಂಡಿಯೇ ಮನೆಯ ಕಸದ ಬುಟ್ಟಿಯೂ ಆಗಿತ್ತು. ಗುಂಡಿ ತುಂಬಿದಾಗ ಮಣ್ಣು ಮುಚ್ಚಿ ಹೊಸದು ತೋಡುತ್ತಿದ್ದರು. ಹಾಗಾಗಿ ಒಳಗಿನದು ಪದರ ಪದರವಾಗಿ ಉಳಿಯಿತು. ನಮ್ಮ ಪೇಟೆಗಳಲ್ಲಿ ಆ ಗುಂಡಿಯನ್ನು ಒಂದು ಜಾತಿಯ ಜನರ ಕೈಯಲ್ಲಿ ಬಳಿಸುತ್ತಿದ್ದರು. ಹಳ್ಳಿಯಲ್ಲಿ ಗುಂಡಿಯೇ ಇರಲಿಲ್ಲ. ತಿಪ್ಪೆಯಂತೂ ವರ್ಷಕ್ಕೊಮ್ಮೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ಅದರಲ್ಲಿ ಗಾಜು ಹಾಕಿದವನಿಗೆ ಬರಿಗಾಲಲ್ಲಿ ಉಳುವವನಿಂದ ಮಂಗಳಾರತಿ.

ಬಾಟಲಿ ಅಂದರೆ ನಮಗೆ ಪಾತ್ರೆಯೇ ಆಗಿತ್ತು. ಬ್ರಾಂದಿ ಮುಗಿದದ್ದರಲ್ಲಿ ಜೇನುತುಪ್ಪ, ಜೇನು ಮುಗಿದ ಮೇಲೆ ಹರಳೆಣ್ಣೆ, ಬಾಯಿ ಮುಕ್ಕಾದ ಮೇಲೆ ಸೀಮೆಎಣ್ಣೆ. ದನಕ್ಕೆ ಔಷಧಿ ಕುಡಿಸಲು ಬಿದಿರಿನ ಗೊಟ್ಟದ ಬದಲು ಉದ್ದ ಕತ್ತಿನ ಬಾಟಲಿ ಬಂದದ್ದೂ ಉಂಟು. ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಖಾಲಿ ಶೀಸೆ ಒಯ್ಯಬೇಕಿತ್ತು. ಕಾಂಪೌಂಡರು ಅದಕ್ಕೆ ಕೆಂಪು ಮಿಕ್ಸ್ಚರ್ ಸುರಿದು, ಕಾಗದದ ಪಟ್ಟಿಯನ್ನು ಮಡಚಿ ಅಂಚು ಕತ್ತರಿಸಿ, ಹಲ್ಲುಹಲ್ಲಾದ ಆ ಪಟ್ಟಿಯನ್ನು ಪಕ್ಕಕ್ಕೆ ಅಂಟಿಸಿ ಕೊಡುತ್ತಿದ್ದರು: ಒಂದು ಹಲ್ಲಿಗೆ ಒಂದು ಹೊತ್ತಿನ ಗುಟುಕು. ಆ ಪಟ್ಟಿ ಇನ್ನೂ ಅಂಟಿಕೊಂಡಿರುವ ಶೀಸೆ ಸಿಕ್ಕರೆ ನನ್ನ ಲೆಕ್ಕದಲ್ಲಿ ಅದು ಯಾವ ವಿಲಾಯಿತಿ ಬಾಟಲಿಗೂ ಮೇಲು. ದಯವಿಟ್ಟು ತೊಳೆಯಬೇಡಿ.

ಇಷ್ಟೆಲ್ಲ ಆದ ಮೇಲೂ ಉಳಿದದ್ದನ್ನು ‘ಹಳೇ ಪೇಪರ್, ಖಾಲಿ ಬಾಟ್ಲಿ’ ಎಂದು ಕೂಗುತ್ತ ಬಂದವನು ಕಾಸು ಕೊಟ್ಟು ಒಯ್ದ. ಹಾಗಾಗಿ ಅಗೆಯುವುದು ನಿಲ್ಲಿಸಿ ಅಟ್ಟ ಹತ್ತಿ. ನಾಗಂದಿಗೆಯ ಮೂಲೆ, ಕೊಟ್ಟಿಗೆಯ ಮಾಡಿನ ಸಂದು ನೋಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾವುದರಲ್ಲಿ ಏನಿತ್ತು ಕೇಳಿ. ಮುಚ್ಚಳ ಬಿಗಿದು ಒಳಗೆ ಏನೋ ಉಳಿದಿದ್ದರೆ ತೆಗೆದು ಮೂಸಬೇಡಿ. ಆರು ಮೂಲೆಯ, ಗೀರುಗೀರಾದ ಕಡುನೀಲಿ ಶೀಸೆಯಾದರೆ ಇನ್ನೂ ಎಚ್ಚರ. ಕತ್ತಲಲ್ಲಿ ಕೈಗೆ ಸಿಕ್ಕರೂ ವಿಷವೆಂದು ಗೊತ್ತಾಗಲಿ ಎಂದೇ ಆ ಗೀರು ಇಟ್ಟದ್ದು.

ಪ್ರಶ್ನೆ: ಬಾಟಲಿಯ ವಯಸ್ಸು ಕಂಡುಹಿಡಿಯುವುದು ಹೇಗೆ?
—ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಹೆಬ್ಬೆರಳ ಉಗುರಿನಿಂದ. ಬಾಟಲಿಯ ಪಕ್ಕದಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಕಡೆ ಕೂದಲೆಳೆಯಂಥ ಏಣು ಇರುತ್ತದೆ. ಬುಡದಿಂದ ಉಗುರು ಸವರುತ್ತ ಮೇಲೆ ಹೋಗಿ. ಏಣು ಕತ್ತಿನಲ್ಲೇ ಮಾಯವಾಗಿ ಬಾಯಿ ನುಣುಪಾಗಿದ್ದರೆ, ಆ ಬಾಯನ್ನು ಕುಲುಮೆಯ ಮುಂದೆ ಒಬ್ಬ ಮನುಷ್ಯ ಕೈಯಾರೆ ತಿದ್ದಿದ್ದಾನೆ. ಬಾಯಿಯ ಅಂಚನ್ನೂ ದಾಟಿದ್ದರೆ ಯಂತ್ರದ್ದು. ಅಮೆರಿಕದ ಮೈಕೆಲ್ ಓವೆನ್ಸ್ ತಾನೇ ತಾನಾಗಿ ಬಾಟಲಿ ಮಾಡುವ ಯಂತ್ರ ತಂದದ್ದು 1903ರ ಸುಮಾರಿಗೆ. ಹಾಗಾಗಿ ಪಶ್ಚಿಮದ ಪುಸ್ತಕಗಳು 1910ರ ಆಸುಪಾಸಿಗೆ ಗೆರೆ ಎಳೆಯುತ್ತವೆ. ಆ ಗೆರೆಯನ್ನು ಇಲ್ಲಿ ಕಣ್ಣು ಮುಚ್ಚಿ ನಂಬಬೇಡಿ. ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾದದ್ದೇ 1908ರಲ್ಲಿ. ನಮ್ಮಲ್ಲಿ ಊದುಗೊಳವೆ ಮುಂದೆಯೂ ಬಹಳ ಕಾಲ ನಡೆಯಿತು. ಬಾಯಿ ಕ್ರೌನ್ ಮುಚ್ಚಳಕ್ಕೆ, ಅಂದರೆ ಈಗಿನ ಸೋಡಾ ಬಿರಡೆಗೆ ತಕ್ಕಂತಿದ್ದರೆ 1892ಕ್ಕಿಂತ ಹಿಂದಿನದಲ್ಲ.

ಚೀಟಿ ಉಳಿದಿದ್ದರೆ ನೀವು ಭಾಗ್ಯವಂತರು. ಬೆಲೆ ‘ನಯಾ ಪೈಸೆ’ಯಲ್ಲಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಕಂಡರೆ 1972ರ ಆಗಸ್ಟಿನ ನಂತರದ್ದು, ‘ನೂರು ವರ್ಷದ್ದು’ ಎಂದು ಮಾರುವವನು ಎಷ್ಟೇ ಆಣೆ ಹಾಕಲಿ. ‘ಮೈಸೂರು ರಾಜ್ಯ’ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರಿಗೆ ಮೊದಲಿನದು; ಹಳೇ ಚೀಟಿಗಳನ್ನು ಮುಗಿಯುವವರೆಗೆ ಅಂಟಿಸುವ ಜಿಪುಣರೂ ಇದ್ದರೆನ್ನಿ. ಗಾಜಿನಲ್ಲೇ ‘ಡಾ. ಜೆ. ಕಾಲಿಸ್ ಬ್ರೌನ್’ ಎಂದು ಉಬ್ಬಿದ್ದರೆ ಅದು ಕ್ಲೋರೊಡೈನ್. ಭಾರತದಲ್ಲಿದ್ದ ಸೇನಾ ವೈದ್ಯನೊಬ್ಬ ಕಾಲರಾಕ್ಕೆಂದು ಕೂಡಿಸಿದ, ಅಫೀಮು ಕ್ಲೋರೊಫಾರ್ಮ್ ಬೆರೆತ ಮದ್ದು. ಆಮೇಲೆ ಇಂಗ್ಲೆಂಡಿನಲ್ಲೇ ಮನೆಮನೆ ಹೊಕ್ಕಿತು.

ಪ್ರಶ್ನೆ: ಶ್ರೀರಂಗಪಟ್ಟಣದ ಕೋಟೆ ಹತ್ತಿರ ಕಪ್ಪು ಬಾಟಲಿಯೊಂದರ ಬುಡ ಸಿಕ್ಕಿತು, ಒಳಕ್ಕೆ ಗುಳಿ ಬಿದ್ದಿದೆ. ಟಿಪ್ಪು ಕಾಲದ್ದೇ? ಅಲ್ಲೇ ಅಗೆದರೆ ಉಳಿದದ್ದು ಸಿಗಬಹುದಲ್ಲವೇ?
—ಓದುಗರು, ಮಂಡ್ಯ

ಉತ್ತರ: ಅಗೆದರೆ ಪೊಲೀಸರು ಸಿಗುತ್ತಾರೆ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಪರವಾನಗಿ ಇಲ್ಲದೆ ಅಗೆಯುವುದು ಅಪರಾಧ. ಅದರಾಚೆಯ 100 ಮೀಟರ್ ನಿಷೇಧಿತ ವಲಯ, ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಬೇರೆ ಕಡೆ, ನಿಮ್ಮದೇ ಜಮೀನಾದರೂ, ಮಣ್ಣಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆನ್ನುತ್ತದೆ ನಿಧಿ ಕಾಯ್ದೆ.

ಹಿಡಿದು ಬಿಸಿಲಿಗೆ ಒಡ್ಡಿದರೆ ಆ ಕಪ್ಪು ಕಡುಹಸಿರಾಗಿ ಕಾಣುತ್ತದೆ. ದ್ರಾಕ್ಷಾರಸದ ಬಾಟಲಿ. ಟಿಪ್ಪುವಿನದೆನ್ನಲು ಆಧಾರವಿಲ್ಲ. 1799ರ ನಂತರ ಅಲ್ಲಿ ಬೀಡುಬಿಟ್ಟಿದ್ದ ಕಂಪನಿ ಪಡೆಯದಾಗಿರುವ ಸಂಭವವೇ ಹೆಚ್ಚು. ಆ ಊರಿನ ಜ್ವರ ತಾಳಲಾರದೆ ಪಡೆ ಬೆಂಗಳೂರಿಗೆ ಬಂದು 1809ರಲ್ಲಿ ದಂಡು ಎದ್ದಿತು. ಎತ್ತಿಕೊಂಡದ್ದನ್ನು ಎಲ್ಲಿ ಸಿಕ್ಕಿತೆಂಬ ವಿವರದ ಜೊತೆ ಪುರಾತತ್ವ ಇಲಾಖೆಯವರಿಗೆ ಒಪ್ಪಿಸಿಬಿಡಿ.

ಪ್ರಶ್ನೆ: ಅಂಕಲ್, ನಾನು ಒಂಬತ್ತನೇ ಕ್ಲಾಸು. ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬದಲ್ಲಿ ಹುಡುಕಬಹುದಾ?

ಉತ್ತರ: ಬೇಡ ಮಗು. ಅದಿರಿನಿಂದ ಚಿನ್ನ ತೆಗೆಯಲು ಸೈನೈಡ್ ಬಳಸಿ ಉಳಿದ ಪುಡಿ ಅದು. ಗಾಳಿಗೆ ಏಳುವ ಧೂಳೂ ಒಳ್ಳೆಯದಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಹಳೇ ಬಾವಿಗಳ ಬಾಯಿ ಎಲ್ಲೆಲ್ಲಿ ಕುಸಿದಿದೆ ಎಂದು ಹೇಳಲಾಗದು. ಭಾನುವಾರ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಗುಜರಿ ಅಂಗಡಿಗೆ ಹೋಗು.

ಪ್ರಶ್ನೆ: ‘ಬ್ರಿಟಿಷರ ಕಾಲದ್ದು’ ಎಂದು ಗೋಲಿ ಸೋಡಾ ಬಾಟಲಿಗೆ ಮೂರು ಸಾವಿರ ಹೇಳುತ್ತಿದ್ದಾನೆ. ಅಮೆರಿಕದಲ್ಲಿರುವ ಮಗನಿಗೆ ಕಳಿಸುವ ಆಸೆ. ಕೊಳ್ಳಲೇ?
—ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಲಂಡನ್ನಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಒಳಗಿನ ಅನಿಲವೇ ಗೋಲಿಯನ್ನು ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಬೇರೆ ಬಿರಡೆ ಬೇಡ. ಅಲ್ಲಿಯ ಹುಡುಗರು ಗೋಲಿಯ ಆಸೆಗೆ ಒಡೆದೊಡೆದು ಹಾಳುಮಾಡಿದರು, ನಮ್ಮಲ್ಲಿ ಈಗಲೂ ಹೊಸದಾಗಿ ತಯಾರಾಗುತ್ತದೆ. ಅದೇ ತೊಡಕು. ಭುಜ ಮತ್ತು ಬುಡದ ಅಂಚು ನೋಡಿ. ಪೆಟ್ಟಿಗೆಯಲ್ಲಿ ಒಂದಕ್ಕೊಂದು ಉಜ್ಜಿ ಉಜ್ಜಿ ಮಂಕಾದ ಪಟ್ಟೆ ಬಿದ್ದಿರಬೇಕು. ಅದಿದ್ದರೂ ಬಹಳ ದುಡಿದ ಬಾಟಲಿ ಎಂದಷ್ಟೇ ಅರ್ಥ. ಗಾಜಿನಲ್ಲಿ ಬ್ರಿಟಿಷ್ ತಯಾರಕರ ಹೆಸರು ಇಲ್ಲದಿದ್ದರೆ ಮೂರು ಸಾವಿರದ ಮಾತೇ ಬೇಡ.

ಇನ್ನು ಕಳಿಸುವ ವಿಚಾರ. 1972ರ ಕಾಯ್ದೆಯಂತೆ ಐತಿಹಾಸಿಕ ಮಹತ್ವದ ವಸ್ತು ನೂರು ವರ್ಷ ದಾಟಿದ್ದರೆ ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ದಾಟಿಲ್ಲವೆಂದು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಪಡೆದು ಕಳಿಸಬಹುದು. ಆದರೆ ಆ ಪತ್ರ ನಿಮ್ಮ ಕೈಗೆ ಬಂತೆಂದರೆ ಬಾಟಲಿ ನೂರು ವರ್ಷದ್ದಲ್ಲವೆಂದೂ ಸಾಬೀತಾದಂತೆ.