ಕಲಿಸಿದವರ ಋಣವೂ ಕಲಿಯುವವರ ಸೇವೆಯೂ

ಓದತಕ್ಕ ಭಾಗಗಳು: ವಿಮೋಚನಕಾಂಡ 18:1-24, ಅಪೊಸ್ತಲರ ಕೃತ್ಯಗಳು 18:24-28, 2 ತಿಮೊಥೆ 1:3-7 ಮತ್ತು 4:9-21.

ಕುಕನೂರಿನ ಸುತ್ತಲಿನ ಹಳ್ಳಿಗಳಲ್ಲೊಂದರಲ್ಲಿ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಯೌವನಸ್ಥನೊಬ್ಬನು ನಮ್ಮ ಬಳಿಗೆ ಬಂದು ಹೀಗೆ ವಿಚಾರಿಸಿದನು: “ಅಯ್ಯನವರೇ, ನನ್ನ ಕೈ ಹಿಡಿದು ಮೊದಲನೆಯ ಅಕ್ಷರ ತಿದ್ದಿಸಿದವರು ಕ್ರೈಸ್ತರಲ್ಲ. ಈಗ ಕೆಲಸ ಸಿಕ್ಕಿತೆಂದು ಹೇಳುವದಕ್ಕೆ ಅವರ ಮನೆಗೆ ಹೋಗಬೇಕೆಂದಿದ್ದೇನೆ. ಅವರ ಕಾಲು ಮುಟ್ಟಿದರೆ ನಮ್ಮ ಹಿರಿಯರು ತಪ್ಪೆಂದಾರು. ಮುಟ್ಟದೆ ನಿಂತರೆ ಆ ವೃದ್ಧರು ನೊಂದಾರು. ನಾನು ಏನು ಮಾಡಲಿ?” ಈ ಪ್ರಶ್ನೆಯು ಅವನೊಬ್ಬನದಲ್ಲ. ನಮ್ಮ ಸಭೆಗಳಲ್ಲಿ ಓದು ಕಲಿತವರೆಲ್ಲರ ಹಿಂದೆಯೂ ಇಂಥ ಒಬ್ಬ ಮಾಸ್ತರರಿದ್ದಾರೆ. ಆದಕಾರಣ ಅದಕ್ಕೆ ನಮ್ಮ ಸ್ವಂತ ಬುದ್ಧಿಯಿಂದಲ್ಲ, ದೇವರ ವಾಕ್ಯದಿಂದಲೇ ಉತ್ತರವನ್ನು ಹುಡುಕುವದು ಯುಕ್ತವೆಂದು ನಮಗೆ ತೋಚಿತು.

ಮೊದಲು ಮೋಶೆಯನ್ನು ನೋಡೋಣ. ಅವನು ಫರೋಹನ ಅರಮನೆಯಲ್ಲಿ ಬೆಳೆದು ಐಗುಪ್ತ್ಯರ ಸಕಲ ವಿದ್ಯೆಯಲ್ಲಿಯೂ ಪ್ರವೀಣನಾದನೆಂದು ಸ್ತೆಫನನು ನ್ಯಾಯಸಭೆಯ ಮುಂದೆ ಸಾಕ್ಷಿ ಹೇಳಿದನು (ಅ. ಕೃ. 7:22). ಆ ಐಗುಪ್ತದ ಪಂಡಿತರು ಯೆಹೋವನನ್ನು ಅರಿಯದವರು. ಆದರೂ ಅವರಿಂದ ಕಲಿತ ವಿದ್ಯೆಯನ್ನು ದೇವರು ಕಸವೆಂದು ಎಸೆಯದೆ ತನ್ನ ಜನರ ಉಪಯೋಗಕ್ಕೆ ತೆಗೆದುಕೊಂಡನು. ಬಳಿಕ ಅರಣ್ಯದಲ್ಲಿ ಮಿದ್ಯಾನಿನ ಆಚಾರ್ಯನಾದ ಇತ್ರೋವನು ಅಳಿಯನನ್ನು ನೋಡಲು ಬಂದನು. ಆಗ ಮೋಶೆ ಏನು ಮಾಡಿದನು? ಸಮುದ್ರವನ್ನು ದಾಟಿಸಿದವನೂ ದೇವರೊಡನೆ ಮಾತಾಡಿದವನೂ ಆದ ಆ ಮನುಷ್ಯನು ಎದುರುಗೊಳ್ಳಲು ಹೋಗಿ, ಬಾಗಿ ವಂದಿಸಿ, ಮುದ್ದಿಟ್ಟು, ಕ್ಷೇಮಸಮಾಚಾರ ಕೇಳಿ ಡೇರೆಯೊಳಗೆ ಕರೆದುಕೊಂಡು ಹೋದನು (18:7). ಮರುದಿನ ಆ ವೃದ್ಧನು, ನೀನೊಬ್ಬನೇ ಇಷ್ಟು ಜನರ ವ್ಯಾಜ್ಯಗಳನ್ನು ಹೊತ್ತರೆ ಬಳಲಿ ಹೋಗುವಿ, ತಕ್ಕವರನ್ನು ಆರಿಸಿ ಹೊರೆಯನ್ನು ಹಂಚು ಎಂದು ಬುದ್ಧಿ ಹೇಳಿದಾಗ, ಹೊರಗಿನವನ ಮಾತು ನಮಗೇಕೆ ಎನ್ನದೆ ಮೋಶೆ ಹಾಗೆಯೇ ಮಾಡಿದನು.

ಆದರೆ ಇನ್ನೊಂದು ಸ್ಥಳವೂ ಇದೆ. ಅದನ್ನು ಮುಚ್ಚಿಟ್ಟರೆ ಪಾಠವು ಅರ್ಧವಾಗುವದು. ಕೈಸರೈಯದಲ್ಲಿ ಶತಾಧಿಪತಿಯಾದ ಕೊರ್ನೇಲ್ಯನು ಪೇತ್ರನ ಪಾದಗಳಿಗೆ ಅಡ್ಡಬಿದ್ದಾಗ ಪೇತ್ರನು ಅವನನ್ನು ಎಬ್ಬಿಸಿ, ತಾನೂ ಮನುಷ್ಯನೇ ಎಂದು ತಿಳಿಸಿದನು (ಅ. ಕೃ. 10:25, 26). ಮೋಶೆಯೂ ಬಾಗಿದನು, ಕೊರ್ನೇಲ್ಯನೂ ಬಾಗಿದನು. ಒಂದನ್ನು ವಾಕ್ಯವು ನಿಂದಿಸಲಿಲ್ಲ, ಮತ್ತೊಂದನ್ನು ಅಪೊಸ್ತಲನು ತಡೆದನು. ಭೇದವು ಬೆನ್ನಿನಲ್ಲಿಲ್ಲ, ಮನಸ್ಸಿನಲ್ಲಿದೆ. ಮೋಶೆ ಹಿರಿಯನಿಗೆ ಮರ್ಯಾದೆಯನ್ನು ಸಲ್ಲಿಸಿದನು. ಕೊರ್ನೇಲ್ಯನಾದರೋ ದೇವರಿಗೆ ಸಲ್ಲತಕ್ಕದ್ದನ್ನು ದೇವರ ಆಳಿಗೆ ಸಲ್ಲಿಸುವದಕ್ಕೆ ಹೋದನು. ನಮ್ಮ ನಾಡಿನಲ್ಲಿ ಗುರುವನ್ನೇ ದೈವವೆಂದು ಎಣಿಸಿ ಪಾದ ತೊಳೆದ ನೀರನ್ನು ಕುಡಿಯುವ ಪದ್ಧತಿಯುಂಟು. ಅದು ನಮಗೆ ಸಲ್ಲದು. ಕಲಿಸಿದವರನ್ನು ಕಂಡಾಗ ಎದ್ದು ನಿಲ್ಲುವದು, ಕೈ ಜೋಡಿಸುವದು, ಬಾಗುವದು ಮರ್ಯಾದೆ. ಇದನ್ನು ಬಿಟ್ಟವನು ಹೆಚ್ಚು ಭಕ್ತನೆಂದು ನಾವು ಒಪ್ಪಲಾರೆವು. ಕೆಲವರು ಮತ್ತಾಯ 23:8ನ್ನು ತೋರಿಸಿ ಗುರುವೆಂದು ಯಾರನ್ನೂ ಕರೆಯಕೂಡದೆನ್ನುತ್ತಾರೆ. ಅಲ್ಲಿ ಕರ್ತನು ಗದರಿಸಿದ್ದು ಪೇಟೆಯಲ್ಲಿ ವಂದನೆಯನ್ನೂ ಊಟದಲ್ಲಿ ಮೊದಲನೆಯ ಸ್ಥಾನವನ್ನೂ ಬಯಸುವವರನ್ನು. ಆ ಎಚ್ಚರಿಕೆ ಮಾಸ್ತರರಿಗೂ ಉಪದೇಶಿಗಳಾದ ನಮಗೂ ತಗಲುತ್ತದೆ. ಕೃತಜ್ಞನಾದ ಶಿಷ್ಯನಿಗೆ ತಗಲುವದಿಲ್ಲ.

ಹೀಗಿರಲಾಗಿ ಆ ಯೌವನಸ್ಥನಿಗೆ, “ಹೋಗಪ್ಪಾ, ಬರಿಗೈಯಲ್ಲಿ ಹೋಗಬೇಡ, ಆ ಹಿರಿಯರ ಮುಂದೆ ಬಾಗಿ ವಂದಿಸು, ಅವರ ಮೇಲಣ ಉಪಕಾರವನ್ನು ಅವರ ಮನೆಯವರ ಎದುರಿಗೆ ಬಾಯಿಬಿಟ್ಟು ಹೇಳು, ದೇವರು ಇವರ ಮೂಲಕ ನನಗೆ ದಯೆ ಮಾಡಿದನೆಂದೂ ಹೇಳು” ಎಂದು ಉತ್ತರ ಕೊಟ್ಟೆವು.

ಇನ್ನು ನಮ್ಮನ್ನು ಕಲಿಸಿದವರು ಯಾರೆಂಬದನ್ನು ವಿಚಾರಿಸಬೇಕು. ಸೆಪ್ಟೆಂಬರ್ 5ರಂದು ಶಾಲೆಯಲ್ಲಿ ಹಾರ ಹಾಕಿಸಿಕೊಳ್ಳುವವರು ಮಾತ್ರವೇ ಗುರುಗಳೋ? ಪೌಲನು ತಿಮೊಥೆಗೆ ಬರೆಯುವಾಗ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರು ಹಿಡಿದು ನೆನಸಿದನು. ಅಪೊಲ್ಲೋಸನು ಮಹಾ ವಾಕ್ಚತುರನು, ಶಾಸ್ತ್ರಗಳಲ್ಲಿ ಬಲ್ಲಿದನು. ಆದರೂ ಎಫೆಸದಲ್ಲಿ ಅವನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ಟವರು ಗುಡಾರ ಹೊಲಿಯುವ ಪ್ರಿಸ್ಕಿಲ್ಲಳೂ ಅಕ್ವಿಲನೂ. ಓದಿದವನು ದುಡಿಯುವವರ ಮನೆಯಲ್ಲಿ ಕೂತು ಕಲಿತನು. ಸಜ್ಜಿ ಬೀಸುತ್ತಾ ಕೀರ್ತನೆಯನ್ನು ಬಾಯಿಪಾಠ ಮಾಡಿಸಿದ ಅಜ್ಜಿ, ಕೂಲಿಯ ಹಣದಲ್ಲಿ ಪಾಟಿ ಪೆನ್ಸಿಲು ತಂದುಕೊಟ್ಟ ತಂದೆ, ರಾತ್ರಿ ಶಾಲೆಗೆ ದೀಪದೆಣ್ಣೆ ಹಾಕಿದ ನೆರೆಯವರು, ಇವರೆಲ್ಲರೂ ಗುರುಗಳೇ. ಸಂಬಳದ ಮಾಸ್ತರನಾದ ಮೇಲೆ ಹೆಬ್ಬೆಟ್ಟಿನ ತಾಯಿಯನ್ನು ಸಂಗಡಿಗರ ಮುಂದೆ ತೋರಿಸಲು ನಾಚುವವನು ಏನು ಕಲಿತನೋ ನಮಗೆ ತಿಳಿಯದು.

ಕನ್ನಡ ನಾಡಿನ ಸಭೆಯ ಚರಿತ್ರೆಯಲ್ಲಿ ಈ ಪಾಠಕ್ಕೆ ತಕ್ಕ ಇಬ್ಬರಿದ್ದಾರೆ. ಹೆರ್ಮನ್ ಮೋಗ್ಲಿಂಗ್ ಅಯ್ಯನವರು 1811ರಲ್ಲಿ ಜರ್ಮನ್ ದೇಶದಲ್ಲಿ ಹುಟ್ಟಿ 1836ರಲ್ಲಿ ಬಾಸೆಲ್ ಮಿಶನ್ನಿನವರಾಗಿ ಈ ನಾಡಿಗೆ ಬಂದರು. ಕನ್ನಡದ ಮೊದಲನೆಯ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ನೆಯ ಜುಲೈ 1ರಂದು ಹೊರಡಿಸಿದವರು ಇವರೇ ಎಂದು ಎಲ್ಲರೂ ಬಲ್ಲರು. ಆದರೆ ಅವರು ತಮ್ಮ ಬಲದ ಬಹುಭಾಗವನ್ನು ಸುರಿದದ್ದು ಶಾಲೆಯಲ್ಲಿ, ಹುಡುಗರ ನಡುವೆ. ಈ ನಾಡಿನ ಸಭೆಯನ್ನು ಈ ನಾಡಿನವರೇ ನಡಿಸಬೇಕೆಂದು ಅವರ ಆಶೆ. ಅವರು ತಾವೂ ಶಿಷ್ಯರಾಗಿದ್ದರೆಂಬದನ್ನು ಮರೆಯಬಾರದು. ಮುನ್ಶಿಗಳಿಂದ ಕನ್ನಡ ಕಲಿತರು. ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ಕೂಡಿಸಿ ಅಚ್ಚು ಹಾಕಿಸಿದರು. ತಮ್ಮ ಮತದವರಲ್ಲದವರ ಗ್ರಂಥಗಳನ್ನು ಇಷ್ಟು ಆದರದಿಂದ ಕಾಪಾಡಿದ್ದು ಕಲಿಸಿದ ನಾಡಿಗೆ ತೀರಿಸಿದ ಋಣವೆಂದೇ ನಾವು ಎಣಿಸುತ್ತೇವೆ. ಇದಕ್ಕಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು.

ಅವರ ಶಿಷ್ಯರಲ್ಲಿ ಒಬ್ಬನು ಮಂಗಳೂರಿನ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯನು. 1825ರಲ್ಲಿ ಹುಟ್ಟಿದ ಇವನು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಹೊಂದಿದಾಗ ಊರೇ ಗದ್ದಲವೆದ್ದಿತು. ಮನೆಯೂ ಜಾತಿಯೂ ಕೈಬಿಟ್ಟವು. ಗುರುವಿನ ಹೆಸರೂ ಹೆರ್ಮನ್, ಅಂದಿನಿಂದ ಶಿಷ್ಯನ ಹೆಸರೂ ಹೆರ್ಮನ್. 1846ರಲ್ಲಿ ಮೋಗ್ಲಿಂಗ್ ಅಯ್ಯನವರು ಊರಿಗೆ ಹೋಗುವಾಗ ಅವನನ್ನು ಸಂಗಡ ಕರಕೊಂಡು ಹೋಗಿ ಬಾಸೆಲಿನಲ್ಲಿ ಓದಿಸಿದರು. 1851ರಲ್ಲಿ ಕೌಂಡಿನ್ಯ ಅಯ್ಯನವರು ಅಭಿಷೇಕ ಹೊಂದಿ ತಿರಿಗಿ ಬಂದು ಮಂಗಳೂರಿನ ಸೆಮಿನರಿಯಲ್ಲಿ ಕಲಿಸುವ ಕೆಲಸವನ್ನು ವಹಿಸಿಕೊಂಡರು. ಸ್ವಲ್ಪ ಕಾಲದಲ್ಲಿ ಗುರುವು ಕೊಡಗಿನ ಕೆಲಸಕ್ಕೆ ಹೊರಟುಹೋದರು. ಶಿಷ್ಯನು ಕಲಿಸುವ ಸ್ಥಳದಲ್ಲಿ ನಿಂತನು. ಮುಂದೆ ಆ ಕೊಡಗಿನಲ್ಲಿಯೇ, ಮುಟ್ಟಬಾರದವರೆನಿಸಿಕೊಂಡು ಒಡೆಯರ ಹೊಲಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ಜನರು ಸುವಾರ್ತೆಗೆ ಬಂದಾಗ ಅವರಿಗಾಗಿ ಆನಂದಪುರವೆಂಬ ಊರು ನೆಲೆಗೊಂಡಿತು. ಆ ಹೆಸರು ಆನಂದರಾವ್ ಅಯ್ಯನವರದು. ಬ್ರಾಹ್ಮಣನಾಗಿ ಹುಟ್ಟಿದವನ ಹೆಸರು ಆ ಕೇರಿಯವರ ಊರಿಗೆ ಬಂತು! ಕೌಂಡಿನ್ಯ ಅಯ್ಯನವರು 1893ರಲ್ಲಿ ತೀರಿಹೋದರು. ಅವರು ಗುರುವನ್ನು ಹೊಗಳಿ ಎಷ್ಟು ಮಾತು ಆಡಿದರೋ ಆ ಲೆಕ್ಕಕ್ಕಿಂತ, ಗುರುವು ಹೆಗಲು ಕೊಟ್ಟ ನೊಗಕ್ಕೆ ತಾವೂ ಹೆಗಲು ಕೊಟ್ಟದ್ದೇ ನಮಗೆ ದೊಡ್ಡದಾಗಿ ಕಾಣುತ್ತದೆ.

ಗುರುವಿನ ಋಣಕ್ಕೆ ಇನ್ನೊಂದು ಮುಖವೂ ಉಂಟು. ಪೌಲನು ಸೆರೆಮನೆಯಿಂದ ತಿಮೊಥೆಗೆ ಬರೆದ ಕಡೆಯ ಪತ್ರದಲ್ಲಿ ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಬೇಕೆಂದು ಬೇಡಿ, ಚಳಿಗಾಲಕ್ಕೆ ಮುಂಚೆ ಬಾ ಎಂದು ಕರೆದನು. ಅಷ್ಟು ದೊಡ್ಡ ಅಪೊಸ್ತಲನಿಗೆ ಚಳಿಯಾಗುತ್ತಿತ್ತು. ನಮ್ಮ ಹಳ್ಳಿಗಳಲ್ಲಿಯೂ ಕಣ್ಣು ಮಂಜಾಗಿ ಕಟ್ಟೆಯ ಮೇಲೆ ಕೂತ ಹಳೆಯ ಮಾಸ್ತರರಿದ್ದಾರೆ, ಮುದಿ ಉಪದೇಶಿಗಳಿದ್ದಾರೆ. ಅವರಿಗೆ ಹೊಗಳಿಕೆಗಿಂತ ಒಂದು ಕಂಬಳಿ, ಔಷಧಕ್ಕೆ ಜತೆಯಾಗಿ ಕೊಪ್ಪಳದವರೆಗೆ ಬರುವ ಒಬ್ಬ ಶಿಷ್ಯ, ಅರ್ಧ ತಾಸು ಕೂತು ಕೇಳುವ ಕಿವಿ ಬೇಕಾಗಿದೆ.

ಈಗ ಕಲಿಯುವವರ ಕಡೆಗೆ ತಿರುಗೋಣ. ಕುಕನೂರು ಪುರಾತನ ಊರು. ಮಹಾಮಾಯೆಯ ಗುಡಿಯೂ ನವಲಿಂಗ ಗುಡಿಗಳೂ ಸಾವಿರ ವರುಷದ ಹಿಂದಿನ ಸಂಪತ್ತನ್ನು ತೋರಿಸುತ್ತವೆ. ಹತ್ತಿರದ ಇಟಗಿಯ ಮಹಾದೇವ ಗುಡಿಯು 1112ರಲ್ಲಿ ಕಟ್ಟಲ್ಪಟ್ಟದ್ದು. ಕಲ್ಲಿನಲ್ಲಿ ಅಕ್ಷರ ಕೊರೆಯಿಸಿದ ಸೀಮೆಯಿದು. ಆದರೆ ಆ ಅಕ್ಷರವು ಊರ ಹೊರಗಿನ ಕೇರಿಗೆ ಬರಲಿಲ್ಲ. ನಿಜಾಮರ ರಾಜ್ಯವು 1948ರಲ್ಲಿ ಮುಗಿಯುವ ತನಕ ಇಲ್ಲಿ ದೊಡ್ಡ ಶಾಲೆಗಳ ಭಾಷೆ ಉರ್ದು; ಕನ್ನಡದ ಮಗುವಿಗೆ ಅದು ಇನ್ನೊಂದು ಗೋಡೆ. ಪಡುವಲಲ್ಲಿ, ಬ್ರಿಟಿಷರ ಸೀಮೆಯಲ್ಲಾದರೂ ಬಾಗಿಲು ತೆರೆದಿತ್ತೋ? 1856ನೆಯ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮಹಾರ ಜಾತಿಯ ಹುಡುಗನೊಬ್ಬನು ಬೇಡಿಕೊಂಡನು. ಅವನ ತಪ್ಪೇನೂ ಇರಲಿಲ್ಲ. ಅವನು ಬಂದರೆ ಬೇರೆಯವರು ಶಾಲೆ ಬಿಟ್ಟಾರೆಂದು ಮುಂಬಯಿ ಸರಕಾರವು ಅವನನ್ನು ಹೊರಗಿಟ್ಟಿತು. ಸಂಗತಿಯು ವಿಲಾಯತಿಯ ತನಕ ಹೋಗಿ, ಸರಕಾರದ ಹಣದಿಂದ ನಡೆಯುವ ಶಾಲೆಗಳು ಎಲ್ಲಾ ಜಾತಿಗಳಿಗೂ ತೆರೆದಿರಬೇಕೆಂದು 1858ರಲ್ಲಿ ಗೊತ್ತಾಯಿತು. ಕಾಗದದಲ್ಲಿ ಗೊತ್ತಾದದ್ದು ಜಗಲಿಯಿಂದ ಒಳಗೆ ಬರುವದಕ್ಕೆ ಎಷ್ಟು ತಲೆಮಾರು ಹಿಡಿಯಿತೆಂಬದನ್ನು ನಮ್ಮ ಸಭೆಯ ಮುದುಕರು ಹೇಳಬಲ್ಲರು.

ಇದನ್ನು ನೆನಪಿನಲ್ಲಿಟ್ಟು ಹೊಸ ಮಾಸ್ತರನು ತರಗತಿಯೊಳಗೆ ಕಾಲಿಡಬೇಕು. ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಿ, ಹೆಸರು ಕರೆದರೂ ಮೆಲ್ಲಗೆ ಉತ್ತರ ಕೊಡುವ ಮಗು ಯಾರದು? ಯಾರೂ ಬೇಡವೆನ್ನದಿದ್ದರೂ ತಾನೇ ಹಿಂದೆ ಹೋಗಿ ಕೂರುವ ಅಭ್ಯಾಸವು ಅದಕ್ಕೆ ಎಲ್ಲಿಂದ ಬಂತು? ಜಾಣನಾದ ಹುಡುಗನನ್ನು ಕಲಿಸುವದು ಎಲ್ಲರಿಗೂ ಸಂತೋಷ. ಅವನು ಮಾಸ್ತರನಿಲ್ಲದೆಯೂ ಕಲಿತಾನು. ಮಾಸ್ತರನ ಭಕ್ತಿಯು ಪರೀಕ್ಷೆಗೆ ಒಳಗಾಗುವದು ಒತ್ತಕ್ಷರ ಬಾರದ ಐದನೆಯ ತರಗತಿಯ ಹುಡುಗನ ಬಳಿಯಲ್ಲಿ. ಪೌಲನು ಥೆಸಲೋನಿಕದವರಿಗೆ, ತಾಯಿ ಕೂಸನ್ನು ಪೋಷಿಸುವಂತೆ ತಾನು ಅವರ ನಡುವೆ ಮೃದುವಾಗಿ ನಡಕೊಂಡೆನೆಂದೂ, ಸುವಾರ್ತೆಯನ್ನು ಮಾತ್ರವಲ್ಲದೆ ತನ್ನ ಪ್ರಾಣವನ್ನೇ ಕೊಡಲು ಸಿದ್ಧನಾಗಿದ್ದೆನೆಂದೂ ಬರೆದನು (1 ಥೆಸ. 2:7, 8). ಪೆಟ್ಟು ಕೊಡದೆ ವಿದ್ಯೆ ಹತ್ತದೆಂದು ನಂಬಿದವರು ನಮ್ಮಲ್ಲಿ ಇನ್ನೂ ಇದ್ದಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಹೊಡೆಯುವದನ್ನು ನಿಷೇಧಿಸಿದೆ. ಕಾಯಿದೆ ಬರುವದಕ್ಕೆ ಬಹಳ ಮುಂಚೆಯೇ ಪೌಲನ ಈ ಮಾತು ನಮ್ಮ ಕೈಯಲ್ಲಿತ್ತು.

ಕಡೆಯದಾಗಿ ನಮ್ಮ ಸೀಮೆಯ ದೊಡ್ಡ ವ್ಯಥೆಯನ್ನು ಹೇಳಬೇಕು. ಮಳೆ ಕೈಕೊಟ್ಟ ವರುಷ ಮನೆಗೆ ಬೀಗ ಹಾಕಿ, ಗಂಟು ಕಟ್ಟಿ, ಗೋವೆಗೂ ಮಂಗಳೂರಿಗೂ ಬೆಂಗಳೂರಿಗೂ ಗುಳೆ ಹೋಗುವವರ ಸಂಗಡ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಚಾಪೆಯ ಮೇಲೆ ಮಗುವಿರುವದಿಲ್ಲ. ಉಗಾದಿಗೆ ತಿರಿಗಿ ಬಂದಾಗ ಕಲಿತದ್ದು ಮರೆತಿರುತ್ತದೆ, ನಾಚಿಕೆಯಿಂದ ಶಾಲೆಯೂ ತಪ್ಪುತ್ತದೆ. ಮಾಸ್ತರನೊಬ್ಬನೇ ಇದಕ್ಕೆ ಏನು ಮಾಡಿಯಾನು? ಇತ್ರೋವನ ಬುದ್ಧಿ ಇಲ್ಲಿಯೇ ಬೇಕು: ಹೊರೆಯನ್ನು ಹಂಚಬೇಕು. ಆದಕಾರಣ ಸಭೆಯ ಹಿರಿಯರು ಈ ತಿಂಗಳೊಳಗೆ ಮನೆಮನೆಗೆ ಹೋಗಿ, ಗುಳೆ ಹೋಗಬೇಕೆಂದಿರುವವರ ಮಕ್ಕಳ ಹೆಸರು, ತರಗತಿ, ಹೋಗುವ ಊರು ಇವುಗಳನ್ನು ಬರೆದುಕೊಳ್ಳಲಿ. ಅಜ್ಜಿಯೋ ಚಿಕ್ಕಮ್ಮನೋ ಊರಲ್ಲಿ ಉಳಿಯುವದಾದರೆ ಮಗುವನ್ನು ಅವರ ಬಳಿ ಬಿಟ್ಟುಹೋಗುವಂತೆ ತಂದೆತಾಯಿಗಳನ್ನು ಒಪ್ಪಿಸಲಿ. ಅಂಥ ಮಕ್ಕಳ ಊಟಕ್ಕೆ ಜೋಳವನ್ನು ಸಭೆಯ ಸುಗ್ಗಿಯ ಕಾಣಿಕೆಯಿಂದ ತೆಗೆದಿಡಲಿ. ಹೋಗಲೇಬೇಕಾದ ಮಕ್ಕಳ ಗಂಟಿನಲ್ಲಿ ಒಂದು ಪುಸ್ತಕವೂ ಒಂದು ಪಾಟಿಯೂ ಇರಲಿ. ಹೆಸರುಗಳ ಪಟ್ಟಿಯ ಒಂದು ಪ್ರತಿಯನ್ನು ಶಾಲೆಯ ಮಾಸ್ತರರಿಗೂ ಇನ್ನೊಂದನ್ನು ಸಭಾಪಾಲಕರಿಗೂ ಮುಂದಿನ ಕರ್ತನ ಭೋಜನದ ಭಾನುವಾರದೊಳಗೆ ತಲಪಿಸತಕ್ಕದ್ದು.