ಇ.ಸಿ. ನೋಡಿದರಷ್ಟೇ ಸಾಲದು

ಮನೆ ಕೊಳ್ಳಲು ಮುಂಗಡ ಕೊಟ್ಟ ಮೇಲೆ, ಮಾರುವವರ ತಂಗಿ ಹೂಡಿರುವ ಪಾಲಿನ ದಾವೆಯ ವಿಷಯ ಪಕ್ಕದ ಮನೆಯವರಿಂದ ತಿಳಿಯಿತೆಂದು ಬರೆದಿದ್ದೀರಿ. ಓದಿ ಸಂಕಟವಾಯಿತು, ಮೇಡಂ. ಇದನ್ನು ನಿಮಗೆ ಹೇಳಬೇಕಾದವರು ಮಾರುವವರೇ. ತಮಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ಹಕ್ಕಿನ ದೊಡ್ಡ ದೋಷವನ್ನು ಅವರು ತಿಳಿಸಲೇಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಮುಚ್ಚಿಡುವುದನ್ನು ವಂಚನೆ ಎನ್ನುತ್ತದೆ. ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಕಾಣುವುದು ನೋಂದಣಿಯಾದ ವ್ಯವಹಾರ. ನಡೆಯುತ್ತಿರುವ ದಾವೆ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಆದರೂ ಈಗ ಕೊಂಡರೆ, 52ನೇ ಕಲಮಿನಂತೆ, ತೀರ್ಪಿಗೆ ನೀವೂ ಬದ್ಧರು.

ಹಾಗಾಗಿ ಕ್ರಯಪತ್ರ ಸದ್ಯಕ್ಕೆ ಬೇಡವೇ ಬೇಡ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಿ, ವಂಶವೃಕ್ಷ ತರಿಸಿ ನೋಡಿ. ವಕೀಲರಿಂದ ನೋಟಿಸ್ ಕೊಡಿಸಿ ಮುಂಗಡ ವಾಪಸ್ ಕೇಳಿ. ಮನೆ ಬೇಕೇ ಬೇಕೆಂದಿದ್ದರೆ, ದಾವೆ ರಾಜಿಯಾಗಿ ತಂಗಿಯೂ ಸಹಿ ಹಾಕುವವರೆಗೆ ಕಾಯಿರಿ.